ಔಟ್ ಆಫ್ ಸ್ಟೇಷನ್

ಅಪ್ಪ ಭದ್ರಾವತಿಯಿಂದ ಡಲ್ಲಾಸ್‌ಗೆ ಬಂದು ಮೂರೇ ದಿನ. ನಾನು ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋಗಿದ್ದೆ. ಪಕ್ಕದ ಮನೆಯಾಕೆ ಕೇಕು ಹಿಡಿದು ಬಂದು ನನ್ನನ್ನು ವಿಚಾರಿಸಿದಾಗ, ಅಪ್ಪ ಠೀವಿಯಿಂದ ‘ಮೈ ಸನ್ ಈಸ್ ಔಟ್ ಆಫ್ ಸ್ಟೇಷನ್’ ಎಂದರಂತೆ. ಆಕೆ ದನಿ ತಗ್ಗಿಸಿ, ‘ಯಾವ ಸ್ಟೇಷನ್? ಪೊಲೀಸಾ?’ ಎಂದಳಂತೆ.

‘ಔಟ್ ಆಫ್ ಟೌನ್ ಅನ್ಬೇಕು ಅಜ್ಜ’ ಅಂತ ಮಗರಾಯ ತಿದ್ದಿದ. ಅಪ್ಪನಿಗೆ ರೇಗಿತು. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಸ್ಟೇಷನ್ ಬಿಡಲು ಅನುಮತಿ ಕೋರಿ ಲೆಕ್ಕವಿಲ್ಲದಷ್ಟು ಅರ್ಜಿ ಬರೆದವರಿಗೆ ಎಂಟು ವರ್ಷದವನ ಪಾಠ! ನಿಜ ಹೇಳಬೇಕೆಂದರೆ ಈ ಸ್ಟೇಷನ್‌ಗೂ ರೈಲಿಗೂ ಸಂಬಂಧವಿಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಸಾಹೇಬರನ್ನು ನೇಮಿಸಿದ ಊರೇ ಅವರ ಸ್ಟೇಷನ್; ಅದನ್ನು ಬಿಟ್ಟು ಹೋದವನು ಔಟ್. ಸಾಹೇಬರು ಹಡಗು ಹತ್ತಿದರು, ಮಾತು ನಮ್ಮ ರಜಾ ಅರ್ಜಿಯಲ್ಲಿ ಉಳಿಯಿತು.

‘ಹಾಗಾದ್ರೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋದ್ರೆ?’ ಮೊಮ್ಮಗ ಬಿಡಲಿಲ್ಲ.

ಇಪ್ಪತ್ತು ಕಿಲೋಮೀಟರೂ ಇಲ್ಲದ ದಾರಿ. ಅಪ್ಪ ಕನ್ನಡಕ ತೆಗೆದು ಯೋಚಿಸಿದರು. ಗಾಂಧಿ ಬಜಾರಿನಲ್ಲಿ ಸೀರೆ ಕೊಂಡು ಸಂಜೆ ಬಸ್ಸಿಗೆ ವಾಪಸಾದರೆ ಅಲ್ಲ. ದುರ್ಗಿಗುಡಿಯ ಅತ್ತೆ ‘ಇದ್ದು ಹೋಗ್ರೋ’ ಅಂತ ಹಿಡಿದುಕೊಂಡು, ನಾಳೆಯ ಹಾಲು ಬೇಡವೆಂದು ಹಾಲಿನವನಿಗೆ ಫೋನು ಹೋದರೆ, ಆವಾಗ ಔಟ್ ಆಫ್ ಸ್ಟೇಷನ್. ಇಷ್ಟು ಖಚಿತವಾದ ವ್ಯಾಖ್ಯೆ ಯಾವ ನಿಘಂಟಿನಲ್ಲಿದೆ?

‘ನಾವು ಕೊತ್ತಂಬರಿ ಸೊಪ್ಪು ತರೋಕೆ ಮೂವತ್ತು ಮೈಲಿ ಹೋಗ್ತೀವಿ. ಅದು ಇನ್ ಟೌನೇ.’

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ‘ಅಷ್ಟು ದೂರ ಹೋದ್ರೆ ನಮ್ಮಲ್ಲಿ ಬೀರೂರೇ ಬಂದುಬಿಡುತ್ತಲ್ಲೋ! ಅದೂ ಕೊತ್ತಂಬರಿಗೆ!’

ಆಮೇಲೆ ಆರು ತಿಂಗಳು ಅಜ್ಜ ಟೌನ್ ಅನ್ನಲಿಲ್ಲ, ಮೊಮ್ಮಗ ಸ್ಟೇಷನ್ ಅನ್ನಲಿಲ್ಲ. ನಾನು ಇಬ್ಬರಿಗೂ ಹೆದರಿ ‘ಊರಲ್ಲಿರಲ್ಲ’ ಎನ್ನತೊಡಗಿದೆ.

ಅಪ್ಪ ವಾಪಸು ಹೋದ ಮೂರನೇ ದಿನ ವಿಡಿಯೋ ಕರೆ ಬಂತು. ಹಿಂದೆ ಕೂಲಿಯವನ ತಲೆ ಮೇಲೆ ನಮ್ಮದೇ ಎರಡು ಸೂಟ್‌ಕೇಸು, ಅದರಾಚೆ ಭದ್ರಾವತಿ ಎಂಬ ಹಳದಿ ಫಲಕ.

‘ಅವನಿಗೆ ಹೇಳು,’ ಎಂದರು, ‘ಅಜ್ಜ ಈಗ ಇನ್ ಸ್ಟೇಷನ್.’