ಬಸೂನೂ ಡೋಲೂ

ಪಾಶ್ಚಾತ್ಯರ ಕೊಠಡಿ ಸಂಗೀತದಲ್ಲಿ, ಬಿಚ್ಚಿ ನೀಳವಾಗಿಸಿದರೆ 8 ಅಡಿಯಷ್ಟಾಗುವ ನಳಿಗೆಯನ್ನು ಮಡಿಸಿ ಮಾಡಿದ ಬಸೂನೆಂಬ ವಾದ್ಯವನ್ನು ಜೋಡಿ ನಾಲಗೆಯ ಮೂಲಕ ಊದುವವನೊಬ್ಬನೂ, ಚರ್ಮವಾದ್ಯಗಳ ನಡುವೆ ತನ್ನ ಸರದಿಗಾಗಿ ತಪಸ್ಸು ಮಾಡುವವನೊಬ್ಬನೂ ಇರುವರೆಂದೂ, ಶ್ರೋತೃಗಳು ಕೆಮ್ಮುವುದಕ್ಕೂ ವಿರಾಮವನ್ನೇ ನಿರೀಕ್ಷಿಸತಕ್ಕದ್ದೆಂದೂ ಕೇಳಿದಾಗ, ಶಿವನಸಮುದ್ರದವರ ಭಾಗ್ಯವನ್ನು ನೆನೆದು ನನಗೆ ಹೆಮ್ಮೆಯೇ ಉಂಟಾಯಿತು.

ಜೋಡಿ ನಾಲಗೆಯ ಸಂಬಂಧದಿಂದ ಬಸೂನಿಗೆ ದಾಯಾದಿಯಾದ ನಾಗಸ್ವರವೂ, ಒಂದು ಕಡೆ ಕೋಲಿನಿಂದಲೂ ಇನ್ನೊಂದು ಕಡೆ ಕವಚ ತೊಟ್ಟ ಬೆರಳುಗಳಿಂದಲೂ ನುಡಿಯುವ ಡೋಲೂ ಅಲ್ಲಿನ ರಂಗನಾಥನ ದೇಗುಲದ ಪ್ರಾಕಾರದಲ್ಲಿ ಒಂದಾಗಿ ಮೊಳಗಿದರೆ, ಕೆಮ್ಮು ಹಾಗಿರಲಿ, ಪಕ್ಕದವರ ಜಗಳವೂ ಕೇಳಿಸದು. ಇಷ್ಟಾದರೂ ಮಧ್ಯರಂಗನಾಥನು ಶಯನದಿಂದ ಏಳದಿರುವುದು ರಸಿಕತೆಯೋ ಅಭ್ಯಾಸಬಲವೋ, ಅರ್ಚಕರೇ ಹೇಳಬೇಕು. ಇದು ಸಾಲದೆಂಬಂತೆ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳೆಂಬ ಆಜನ್ಮ ತಾಳವಾದ್ಯಗಾರರಿಬ್ಬರು ಅಲ್ಲಿದ್ದಾರೆ. ಮಳೆಗಾಲದಲ್ಲಿ ಅವರನ್ನು ತಡೆಯುವವರಿಲ್ಲ, ಬೇಸಿಗೆಯಲ್ಲಿ ಕರೆದರೂ ಅವರು ಬರುವುದಿಲ್ಲ. 1902ರಲ್ಲಿ ಕಾವೇರಿಯ ಕಸುವಿನ ಒಂದು ಪಾಲು ವಿದ್ಯುತ್ತಾಗಿ, ತಂತಿಯನ್ನೇರಿ ಕೋಲಾರದ ಚಿನ್ನದ ಗಣಿಗೆ ಹೊರಟಿತಷ್ಟೆ. ಸಂಭಾವನೆಯೆಂದು ಅಲ್ಲಿಂದ ಒಂದು ಗುಂಜಿ ಬಂಗಾರವೂ ಜಲಪಾತಕ್ಕೆ ಬಂದಂತಿಲ್ಲ.

ಬಸೂನಿನ ವಿದ್ವಾಂಸರು ಯಾರಾದರೂ ಇತ್ತ ದಯಮಾಡಿಸುವುದಾದರೆ ಮಾಘಮಾಸದಲ್ಲಿ ಬರಲಿ. ಶ್ರಾವಣದಲ್ಲಿ ಬಂದರೆ ಅವರ ವಾದ್ಯ ಅವರಿಗೇ ಕೇಳಿಸದು.