ಅರವತ್ತನಾಲ್ಕು ಕಿಲೋಬೈಟಿನ ಭೂಮಂಡಲವೂ ಕಮರ್ಷಿಯಲ್ ಸ್ಟ್ರೀಟೂ

ಲೋಕವೊಂದು ವಿಶಾಲವೋ ಅಲ್ಲವೋ ಎಂಬುದನ್ನು ಅದರ ಉದ್ದಗಲ ಅಳೆದು ತೀರ್ಮಾನಿಸಬಹುದೆಂಬ ನಂಬಿಕೆ ಸರ್ವೆ ಇಲಾಖೆಯಲ್ಲಿ ಸಲ್ಲಬಹುದಾದರೂ, ಜಪಾನಿನ ಪಾತ್ರಧಾರಿ ಆಟಗಳ ಮುಂದೆ ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ. ಪಾತ್ರಧಾರಿ ಆಟ, ಅಭಿಮಾನಿಗಳ ಬಾಯಲ್ಲಿ ಆರ್‌ಪಿಜಿ, ಎಂದರೆ ಆಟಗಾರನು ವೀರನ ವೇಷ ತೊಟ್ಟು, ಊರೂರು ಅಲೆದು, ದಾರಿಯಲ್ಲಿ ಎದುರಾದ ರಾಕ್ಷಸರನ್ನು ಬಡಿದು, ಅವರಿಂದ ಬಂದ ಹಣದಲ್ಲಿ ಮುಂದಿನ ಊರಿನ ಅಂಗಡಿಯಲ್ಲಿ ಇನ್ನೂ ಹರಿತವಾದ ಕತ್ತಿ ಕೊಂಡು, ಆ ಕತ್ತಿಯಿಂದ ಇನ್ನೂ ದಪ್ಪನೆಯ ರಾಕ್ಷಸರನ್ನು ಬಡಿಯುವ ವಿಡಿಯೋ ಗೇಮ್. ಸಂಪಾದಿಸಿದ್ದೆಲ್ಲ ಸಂಪಾದನೆಯ ಸಲಕರಣೆಗೇ ಖರ್ಚಾಗುವುದರಿಂದ ಇದನ್ನು ಸಂಸಾರದ ಅತ್ಯಂತ ನಿಷ್ಠ ಪ್ರತಿಕೃತಿಯೆಂದು ಕರೆಯಲು ಅಡ್ಡಿಯಿಲ್ಲ. ಈ ಪ್ರಕಾರವನ್ನು ಜಪಾನಿನಲ್ಲಿ ಮನೆಮಾತಾಗಿಸಿದ ‘ಡ್ರ್ಯಾಗನ್ ಕ್ವೆಸ್ಟ್’ 1986ರ ಮೇ 27ರಂದು ಎನಿಕ್ಸ್ ಸಂಸ್ಥೆಯಿಂದ ಹೊರಬಂತು. ಕಲ್ಪನೆ ಯೂಜಿ ಹೋರಿಯಿ ಅವರದು, ಚಿತ್ರ ಅಕಿರಾ ತೋರಿಯಾಮ ಅವರದು, ಸಂಗೀತ ಕೊಯಿಚಿ ಸುಗಿಯಾಮ ಅವರದು. ಅರಮನೆ, ಊರುಗಳು, ಗುಹೆಗಳು, ಕಡಲು, ಮರಳುಗಾಡು, ಒಬ್ಬಳು ರಾಜಕುಮಾರಿ, ಒಬ್ಬ ನಾಗರಾಜ, ಇಷ್ಟೂ ಸೇರಿದ ಆ ಭೂಮಂಡಲದ ಒಟ್ಟು ಅಳತೆ 64 ಕಿಲೋಬೈಟ್. ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಪ್ರತಿ ಮುಂಜಾನೆ ತಪ್ಪದೆ ಬಂದಿಳಿಯುವ ಗುಲಾಬಿ ಹೂವಿನ ‘ಶುಭೋದಯ’ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಹಾಗಿದ್ದೂ ಆ ಗುಲಾಬಿಯಲ್ಲಿ ಯಾರೂ ದಾರಿ ತಪ್ಪಿದ್ದಿಲ್ಲ. ಈ ಭೂಮಂಡಲದಲ್ಲಿ ಜಪಾನಿನ ಒಂದು ತಲೆಮಾರು ತಿಂಗಳುಗಟ್ಟಲೆ ದಾರಿ ತಪ್ಪಿತು. ಆದ್ದರಿಂದ ಲೋಕದ ವೈಶಾಲ್ಯವೆಂದರೆ ನೆಲದ ವಿಸ್ತೀರ್ಣವಲ್ಲ, ಬೇಕೆನಿಸಿದ ಗಳಿಗೆಗೂ ಕೈಗೆ ಸಿಕ್ಕ ಗಳಿಗೆಗೂ ನಡುವೆ ಬರುವ ತಿರುವುಗಳ ಸಂಖ್ಯೆ ಎಂಬ ಪ್ರಮೇಯವನ್ನು ಮುಂದಿಡಬಹುದು. ಇದಕ್ಕೆ ಉಪಪತ್ತಿಯನ್ನು ಬೆಂಗಳೂರು ದಂಡುಪ್ರದೇಶದ ಕಮರ್ಷಿಯಲ್ ಸ್ಟ್ರೀಟ್ ಒದಗಿಸುತ್ತದೆ.

ಡ್ರ್ಯಾಗನ್ ಕ್ವೆಸ್ಟ್ ಓಡುತ್ತಿದ್ದ ಫ್ಯಾಮಿಕಾಮ್ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1983ರಲ್ಲಿ. ಅದಕ್ಕೆ ಸಿಕ್ಕಿಸುವ ಆಟದ ಡಬ್ಬಿಯೊಳಗೆ ಟೇಪಿನ ಸುಳಿವೇ ಇಲ್ಲದಿದ್ದರೂ ಜಪಾನೀಯರು ಅದನ್ನು ‘ಕಸೆಟ್ಟೊ’ ಎಂದರು, ಬೆಂಗಳೂರಿನ ಮಕ್ಕಳು ‘ಕ್ಯಾಸೆಟ್ಟು’ ಎಂದರು; ಪರಸ್ಪರ ಮುಖಪರಿಚಯವಿಲ್ಲದ ಎರಡು ಭಾಷೆಗಳು ಒಂದೇ ತಪ್ಪಿನಲ್ಲಿ ಸಂಧಿಸಿದ ಈ ಪ್ರಸಂಗಕ್ಕೆ ಭಾಷಾವಿಜ್ಞಾನಿಗಳು ಇನ್ನೂ ಸಲ್ಲಬೇಕಾದ ಗಮನ ಕೊಟ್ಟಿಲ್ಲ. 1990ರ ದಶಕದಲ್ಲಿ ಭಾರತದ ಪೇಟೆಗಳಿಗೆ ಬಂದ ಈ ಯಂತ್ರದ ನಕಲುಗಳ ಜೊತೆಗೆ ‘9999 ಆಟಗಳು’ ಎಂದು ಅಚ್ಚಾದ ಕ್ಯಾಸೆಟ್ಟು ಬರುತ್ತಿದ್ದು, ಸಹನೆಯಿಂದ ಎಣಿಸಿದವರಿಗೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಸರತಿಯಲ್ಲಿ ನಿಂತಿರುವುದು ಗೊತ್ತಾಗುತ್ತಿತ್ತು. ವಾರಗಟ್ಟಲೆ ನಡೆಯುವ, ಜಪಾನಿ ಅಕ್ಷರ ಓದಿದರಷ್ಟೇ ಅರ್ಥವಾಗುವ ಯಾತ್ರೆಯ ಆಟಗಳಿಗೆ ಆ ಗುಂಪಿನಲ್ಲಿ ಸಾಮಾನ್ಯವಾಗಿ ಜಾಗವಿರಲಿಲ್ಲ. ಆ ಕೊರತೆಯನ್ನು ಬೆಂಗಳೂರಿನ ಮಕ್ಕಳು ಹಬ್ಬದ ಮುಂಚಿನ ಶನಿವಾರಗಳಲ್ಲಿ, ಅಮ್ಮನ ಸೆರಗು ಹಿಡಿದು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ತುಂಬಿಕೊಂಡರು.

ಈ ಬೀದಿಯ ಒಂದು ತುದಿಯಲ್ಲಿ ಕಾಮರಾಜ ರಸ್ತೆ, ಇನ್ನೊಂದು ತುದಿಯತ್ತ ಶಿವಾಜಿನಗರದ ಗಲ್ಲಿಗಳು. ನಡುವಿನ ದೂರವನ್ನು ಏನನ್ನೂ ಕೊಳ್ಳುವ ಉದ್ದೇಶವಿಲ್ಲದ ಮನುಷ್ಯ ಹತ್ತು ನಿಮಿಷದಲ್ಲಿ ಕ್ರಮಿಸಬಲ್ಲನಾದರೂ ಅಂಥ ಮನುಷ್ಯ ಅಲ್ಲಿಗೆ ಬರುವುದಿಲ್ಲವಾದ್ದರಿಂದ ಈ ಲೆಕ್ಕ ಪ್ರಯೋಗಕ್ಕೆ ಒಳಗಾಗಿಲ್ಲ. ಬೀದಿಯ ಹುಟ್ಟಿನ ವಿವರಣೆ 1988ರ ಮೂರನೆಯ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಆಕಸ್ಮಿಕವಾಗಿ ದೊರೆಯುತ್ತದೆ. ಆ ಆಟದಲ್ಲಿ ವೀರನ ತಂಡಕ್ಕೆ ಕತ್ತಿಯವರು, ಮಂತ್ರದವರು ಮಾತ್ರವಲ್ಲದೆ ವ್ಯಾಪಾರಿಯನ್ನೂ ಸೇರಿಸಿಕೊಳ್ಳಬಹುದಾಗಿದ್ದು, ಅವನನ್ನು ಬಯಲೊಂದರಲ್ಲಿ ಬಿಟ್ಟುಹೋದರೆ, ತಂಡ ಲೋಕ ಸುತ್ತಿ ತಿರುಗಿ ಬರುವ ಹೊತ್ತಿಗೆ ಅಲ್ಲೊಂದು ಊರೇ ಎದ್ದಿರುತ್ತದೆ. ಶ್ರೀರಂಗಪಟ್ಟಣದ ಜ್ವರಕ್ಕೂ ಸೊಳ್ಳೆಗೂ ಸೋತ ಬ್ರಿಟಿಷ್ ಸೈನ್ಯ 1809ರಲ್ಲಿ ಹಲಸೂರಿನ ಆಸುಪಾಸಿಗೆ ಬಂದು ಬೀಡುಬಿಟ್ಟಾಗ ನಡೆದದ್ದೂ ಇದೇ. ಕತ್ತಿಯವರು ಮುಂದೆ ಬಂದರು, ಅವರಿಗೆ ಬಟ್ಟೆ, ಬೂಟು, ದಿನಸಿ ಒದಗಿಸುವವರು ಹಿಂದೆ ಬಂದರು. 1947ರಲ್ಲಿ ದಂಡುಪ್ರದೇಶ ಮೈಸೂರಿನ ಕೈಗೆ ಮರಳಿ, ಕತ್ತಿಯವರು ಹಡಗು ಹತ್ತಿದ ಮೇಲೂ ಬಟ್ಟೆಯವರು ಉಳಿದರು. ಕಮರ್ಷಿಯಲ್ ಸ್ಟ್ರೀಟಿನ ಸುತ್ತಲಿನ ನಾರಾಯಣ ಪಿಳ್ಳೈ ಬೀದಿ, ವೀರ ಪಿಳ್ಳೈ ಬೀದಿ, ಇಬ್ರಾಹಿಂ ಸಾಹೇಬ್ ಬೀದಿಗಳ ಹೆಸರಿನಲ್ಲಿ ಈ ಇತಿಹಾಸ ಇಂದಿಗೂ ವಿಳಾಸವಾಗಿ ಬದುಕಿದೆ. ಆಟದಲ್ಲಿ ವ್ಯಾಪಾರಿಯ ದರ್ಪ ಹೆಚ್ಚಾಗಿ ಊರವರು ದಂಗೆಯೆದ್ದು ಅವನನ್ನು ಸೆರೆಗೆ ಹಾಕುತ್ತಾರೆ. ಬೆಂಗಳೂರಿನಲ್ಲಿ ದಂಗೆಯ ಬದಲು ಚೌಕಾಸಿ ರೂಢಿಗೆ ಬಂದದ್ದರಿಂದ ಉಭಯಪಕ್ಷಗಳೂ ಕ್ಷೇಮವಾಗಿವೆ.

ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ಅತ್ಯಂತ ಜಾಣತನದ ಅಂಶ ಅದರ ಭೂಗೋಳದಲ್ಲಿದೆ. ವೀರನು ಹೊರಡುವ ಅರಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ನೀರಿನಾಚೆ ನಾಗರಾಜನ ಕೋಟೆ ಕಣ್ಣಿಗೆ ಕಾಣುತ್ತದೆ. ಕಾಣುತ್ತದೆಯೇ ಹೊರತು ತಲುಪುವುದಿಲ್ಲ. ಮಳೆಬಿಲ್ಲಿನ ಸೇತುವೆ ಕಟ್ಟುವ ಸಾಮಗ್ರಿಗಾಗಿ ಲೋಕದ ಮೂಲೆಮೂಲೆ ಸುತ್ತಿ, ಕೊನೆಗೆ ಹೊರಟ ಜಾಗದ ಎದುರು ದಡಕ್ಕೇ ಬಂದು ನಿಲ್ಲಬೇಕು. ಏಕಮುಖ ಸಂಚಾರದ ಫಲಕಗಳ ನಡುವೆ ಕಾರು ಓಡಿಸಿ ಕಮರ್ಷಿಯಲ್ ಸ್ಟ್ರೀಟಿಗೆ ಬಂದ ಗೃಹಸ್ಥನಿಗೆ ಈ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹಿಂದೆ ಕ್ಯಾವಲ್ರಿ ರಸ್ತೆಯೆನಿಸಿದ್ದು, ಕುದುರೆಗಳು ಸಲೀಸಾಗಿ ಓಡಾಡುತ್ತಿದ್ದ ಕಾಮರಾಜ ರಸ್ತೆಯ ಒಂದು ಭಾಗ ಮೆಟ್ರೊ ಕಾಮಗಾರಿಗಾಗಿ 2019ರಲ್ಲಿ ಮುಚ್ಚಿ ಹಲವು ವರ್ಷ ಹಾಗೆಯೇ ಇದ್ದಾಗ, ಹೋಗಬೇಕಾದ ಬೀದಿ ತಡೆಗೋಡೆಯಾಚೆ ಕೂಗಳತೆಯಲ್ಲಿದ್ದೂ, ನಗರದ ಪೂರ್ವಭಾಗದ ಸಮಗ್ರ ದರ್ಶನ ಮಾಡಿಸಿದ ಮೇಲೆಯೇ ಅದು ಒಲಿಯುತ್ತಿತ್ತು.

ತಂಡದ ರಚನೆಯಲ್ಲಿಯೂ ಸಾಮ್ಯ ನಿಚ್ಚಳವಾಗಿದೆ. 1987ರ ಎರಡನೆಯ ಡ್ರ್ಯಾಗನ್ ಕ್ವೆಸ್ಟ್‌ನಿಂದ ಮೊದಲ್ಗೊಂಡು ಸಂಗಾತಿಗಳು ಒಬ್ಬರ ಹಿಂದೊಬ್ಬರು ಇರುವೆಗಳಂತೆ ಸಾಲಾಗಿ ನಡೆಯುತ್ತಾರೆ. ಅವರಲ್ಲೊಬ್ಬ ಕಾಳಗದಲ್ಲಿ ಸತ್ತರೆ ಸಾಲು ಬಿಡುವಂತಿಲ್ಲ, ಶವಪೆಟ್ಟಿಗೆಯಾಗಿ ಹಿಂದೆಯೇ ಎಳೆಸಿಕೊಂಡು ಬರುತ್ತಾನೆ. ಕಮರ್ಷಿಯಲ್ ಸ್ಟ್ರೀಟಿನ ಸಾಲಿನಲ್ಲಿ ಮುಂದೆ ಗೃಹಿಣಿ, ಅವಳ ಹಿಂದೆ ಬಣ್ಣಗಳ ಬಗ್ಗೆ ಸ್ವತಂತ್ರ ಅಭಿಪ್ರಾಯವುಳ್ಳ ಅತ್ತೆ, ಆಮೇಲೆ ಕಿವಿಯೋಲೆಯ ತಳ್ಳುಗಾಡಿ ಕಂಡಲ್ಲೆಲ್ಲ ನಿಲ್ಲುವ ಮಗಳು, ಕಟ್ಟಕಡೆಗೆ ಕೈಚೀಲಗಳ ಯಜಮಾನರು. ನಾಲ್ಕನೆಯ ಅಂಗಡಿಯ ಹೊತ್ತಿಗೆ ಈ ಕೊನೆಯವರು ‘ಚೆನ್ನಾಗಿದೆ’ ಎಂಬುದನ್ನು ಬಿಟ್ಟು ಬೇರೆ ಮಾತಾಡುವ ಶಕ್ತಿ ಕಳೆದುಕೊಂಡು, ಮೇಲೆ ಹೇಳಿದ ಪೆಟ್ಟಿಗೆಯ ಸ್ಥಿತಿಯನ್ನು ತಲುಪುತ್ತಾರೆ. ಆಟದಲ್ಲಿ ಸತ್ತವರನ್ನು ಬದುಕಿಸಲು ದೇವಾಲಯಕ್ಕೆ ಕಾಣಿಕೆ ಸಲ್ಲಿಸಬೇಕು; ಇಲ್ಲಿ ಭಗತ್‌ರಾಮ್ ಮಿಠಾಯಿ ಅಂಗಡಿಯ ಎರಡು ಬಿಸಿ ಸಮೋಸ ಸಾಕು.

ಇನ್ನು ‘ದಿಢೀರ್ ಮುಖಾಮುಖಿ’ ಎಂಬ ಪಾರಿಭಾಷಿಕ ಪದವನ್ನು ಗಮನಿಸಬೇಕು. ಹಳೆಯ ಆಟಗಳಲ್ಲಿ ರಾಕ್ಷಸರು ಬಯಲಿನಲ್ಲಿ ಕಣ್ಣಿಗೆ ಬೀಳದೆ, ವೀರನು ನೆಮ್ಮದಿಯಾಗಿ ನಾಲ್ಕಾರು ಹೆಜ್ಜೆ ನಡೆದೊಡನೆ ಶೂನ್ಯದಿಂದ ಎದುರಿಗೆ ಪ್ರತ್ಯಕ್ಷರಾಗುತ್ತಾರೆ. ಆಗ ಪರದೆಯ ಮೇಲೆ ‘ಹೋರಾಡು’, ‘ಮಂತ್ರ’, ‘ಸಾಮಾನು’, ‘ಓಡಿಹೋಗು’ ಎಂಬ ನಾಲ್ಕು ಆಯ್ಕೆಗಳು ಮೂಡುತ್ತವೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಇದೇ ರೀತಿ ನೂರಕ್ಕೆ ಮೂರು ಜೊತೆ ಕಾಲುಚೀಲ, ತಂಪುಕನ್ನಡಕ, ದಾರದ ತುದಿಯಲ್ಲಿ ಎಗರುವ ಚೆಂಡು ಇವು ಮನುಷ್ಯಸಹಿತವಾಗಿ ಪ್ರತ್ಯಕ್ಷವಾಗುತ್ತವೆ. ಇವು ಸಣ್ಣ ಜಾತಿಯವು, ತಲೆಯಾಡಿಸಿದರೆ ಕರಗುತ್ತವೆ. ನಿಜವಾದ ಅಪಾಯವಿರುವುದು ದೂರದ ಬಂಧುವಿನಲ್ಲಿ. ‘ಅಯ್ಯೋ, ನೀವಿಲ್ಲಿ!’ ಎಂಬ ಉದ್ಗಾರದಿಂದ ಆರಂಭವಾಗುವ ಈ ಮುಖಾಮುಖಿ ದಾರಿಯ ನಟ್ಟನಡುವೆ ಇಪ್ಪತ್ತು ನಿಮಿಷ ನಡೆದು, ಮಗಳ ಜಾತಕದ ಪ್ರಸ್ತಾಪದವರೆಗೆ ಬೆಳೆಯುತ್ತದೆ. ಓಡಿಹೋಗು ಎಂಬ ಆಯ್ಕೆ ಇಲ್ಲಿ ಕಣ್ಣಿಗೆ ಕಂಡರೂ ಒತ್ತಲು ಬರುವುದಿಲ್ಲ.

ಆದರೆ ಅದೇ ಆಯ್ಕೆ ಅಂಗಡಿಯೊಳಗೆ ಬ್ರಹ್ಮಾಸ್ತ್ರವಾಗುತ್ತದೆ ಎಂಬುದನ್ನು ಜಪಾನಿನ ರಚನಕಾರರು ಬಹುಮಟ್ಟಿಗೆ ಗಮನಿಸದೇ ಹೋದದ್ದು ಈ ಸಾಹಿತ್ಯಪ್ರಕಾರದ ದೊಡ್ಡ ಲೋಪ. ಅವರ ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೇಳಿದ್ದೇ ಬೆಲೆ; ಲೋಕವನ್ನೇ ಉಳಿಸಲು ಹೊರಟ ವೀರನಿಗೂ ಎರಡು ನಾಣ್ಯ ಬಿಡುವವರಿಲ್ಲ, ಅವನೇ ಮಾರಲು ಹೋದರೆ ಅರ್ಧ ಬೆಲೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಗೃಹಿಣಿ ಬೆಲೆ ಕೇಳಿ, ನಕ್ಕು, ಬಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮೆಟ್ಟಿಲಿಳಿಯುತ್ತಾಳೆ. ಮೊದಲ ಹೆಜ್ಜೆಗೆ ಅಂಗಡಿಯವರು ಸುಮ್ಮನಿರುತ್ತಾರೆ, ಎರಡನೆಯದಕ್ಕೆ ಕೆಮ್ಮುತ್ತಾರೆ, ಮೂರನೆಯದಕ್ಕೆ ‘ಎಷ್ಟಕ್ಕೆ ಕೊಡ್ಲಿ, ನೀವೇ ಹೇಳಿ ಮೇಡಂ’ ಎನ್ನುತ್ತಾರೆ. ನಾಲ್ಕನೆಯ ಹೆಜ್ಜೆ ಇಟ್ಟವರು ಅನನುಭವಿಗಳು. ‘ಫಿಕ್ಸೆಡ್ ರೇಟ್’ ಎಂದು ಫಲಕ ತೂಗಿದ ಅಂಗಡಿಗಳಲ್ಲಿ ಮಾತ್ರ ಈ ವಿದ್ಯೆ ನಡೆಯುವುದಿಲ್ಲವಾಗಿ, ಅವುಗಳನ್ನು ಜಪಾನಿ ಶೈಲಿಯವೆಂದು ವರ್ಗೀಕರಿಸಬಹುದು.

ಆಟದ ಊರುಗಳಲ್ಲಿ ಪ್ರತಿಯೊಬ್ಬ ನಿವಾಸಿಗೂ ಒಂದೊಂದೇ ವಾಕ್ಯವಿದ್ದು, ಎಷ್ಟು ಸಲ ಮಾತಾಡಿಸಿದರೂ ಅವನು ಅದನ್ನೇ ಒಪ್ಪಿಸುತ್ತಾನೆ. ಕಮರ್ಷಿಯಲ್ ಸ್ಟ್ರೀಟಿನ ಬಾಗಿಲುಗಳಲ್ಲಿ ನಿಂತವರ ವಾಕ್ಯವೂ ಒಂದೇ ಆದರೂ ಅದು ಹಲವು ಭಾಷೆಗಳಲ್ಲಿ ಲಭ್ಯ: ‘ಒಳಗೆ ಬನ್ನಿ ಮೇಡಂ, ನೋಡೋಕೇನೂ ದುಡ್ಡಿಲ್ಲ’, ‘ವಾಂಗ ಅಕ್ಕಾ’, ‘ಕ್ಯಾ ಹೋನಾ ಬಾಜಿ?’. ಬರುವವರು ಬಾಯಿ ತೆರೆಯುವ ಮುನ್ನವೇ, ಸೀರೆಯ ನೆರಿಗೆ ನೋಡಿ ಭಾಷೆ ಆರಿಸುವ ಈ ಸಾಮರ್ಥ್ಯ 64 ಕಿಲೋಬೈಟಿನಲ್ಲಿ ಹಿಡಿಸುವಂಥದಲ್ಲ. ಒಳಹೊಕ್ಕ ಮೇಲಿನ ಸಂಭಾಷಣೆ ಮಾತ್ರ ಮತ್ತೆ ಆಟದ ಹಾದಿಗೇ ಬರುತ್ತದೆ. ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಬಿಡುಗಡೆಯಾದ ರಾಜಕುಮಾರಿ, ತನ್ನನ್ನು ಕರೆದೊಯ್ಯುವೆಯಾ ಎಂದು ಕೇಳಿದಾಗ ವೀರನು ‘ಇಲ್ಲ’ ಎಂದರೆ, ನೊಂದುಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ. ನೂರು ಸಲ ಇಲ್ಲವೆಂದರೂ ನೂರೊಂದನೆಯ ಸಲ ಕೇಳುತ್ತಾಳೆ. ‘ಪ್ಯಾಕ್ ಮಾಡ್ಲಾ ಮೇಡಂ?’ ಎಂಬ ಪ್ರಶ್ನೆಯ ರಚನೆಯೂ ಇದೇ.

ಯಾತ್ರೆಗೆ ಉದ್ದೇಶವೆಂಬುದೊಂದು ಇರಬೇಕಷ್ಟೆ. ಆಟದಲ್ಲಿ ಅದು ಲೋಕಕಲ್ಯಾಣ. ಬೀದಿಯಲ್ಲಿ ಅದು ಮ್ಯಾಚಿಂಗ್, ಅಂದರೆ ಮನೆಯಲ್ಲಿರುವ ಸೀರೆಯ ಬಣ್ಣಕ್ಕೆ ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದುವ ಬ್ಲೌಸ್ ಪೀಸಿನ ಅನ್ವೇಷಣೆ. ಬಣ್ಣ ‘ರಾಮಾ ಗ್ರೀನ್’ ಆದಲ್ಲಿ ಈ ಅನ್ವೇಷಣೆ ಗಂಭೀರ ರೂಪ ತಾಳುತ್ತದೆ, ಏಕೆಂದರೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಈ ವರ್ಣದ ಸ್ವರೂಪದ ಬಗ್ಗೆ ಯಾವ ಎರಡು ಅಂಗಡಿಗಳಲ್ಲೂ ಒಮ್ಮತವಿಲ್ಲ. ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಬೇಕಾದರೆ ‘ಪುನರುಜ್ಜೀವನದ ಮಂತ್ರ’ ಎಂಬ 20 ಜಪಾನಿ ಅಕ್ಷರಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕಿತ್ತು; ಒಂದಕ್ಷರ ತಪ್ಪಿದರೂ ವಾರಗಳ ಪರಾಕ್ರಮ ಮಣ್ಣುಪಾಲು. ಗೃಹಿಣಿಯ ಪರ್ಸಿನಲ್ಲಿ ಸೀರೆಯಂಚಿನಿಂದ ಕತ್ತರಿಸಿ ತಂದ ಬೆರಳಗಲದ ತುಂಡೇ ಆ ಮಂತ್ರ. ಅದು ಮನೆಯಲ್ಲೇ ಉಳಿದುಹೋದ ದಿನ ‘ನೆನಪಿದೆ ಬಿಡಿ, ಇದೇ ಬಣ್ಣ’ ಎಂದು ಅತ್ತೆಯೂ, ‘ಪಕ್ಕಾ ರಾಮಾ ಗ್ರೀನು ಮೇಡಂ, ಬೇಕಾದ್ರೆ ಬೆಳಕಲ್ಲಿ ನೋಡಿ’ ಎಂದು ಬಟ್ಟೆಯನ್ನು ಬೀದಿಗೇ ಹೊತ್ತುತಂದು ಬಿಸಿಲಿಗೆ ಹಿಡಿಯುವ ಅಂಗಡಿಯವರೂ ಸೇರಿ ಇತಿಹಾಸವನ್ನು ಬೇರೆ ದಿಕ್ಕಿಗೆ ಹೊರಳಿಸುತ್ತಾರೆ.

ಈ ಆಟಗಳಲ್ಲಿ ನಡಿಗೆಯ ನಂತರ ಹಡಗು, ಹಡಗಿನ ನಂತರ ಹಾರುವ ಹಡಗು ದೊರೆಯುವುದು ಬಹುಮಟ್ಟಿಗೆ ಸಂಪ್ರದಾಯ. 1987ರ ಮೊದಲ ‘ಫೈನಲ್ ಫ್ಯಾಂಟಸಿ’ಯಲ್ಲಿ ಅದು ಮರಳುಗಾಡಿನಲ್ಲಿ ಹೂತಿದ್ದು, ತೇಲುಕಲ್ಲಿನ ಬಲದಿಂದ ಮೇಲೇಳುತ್ತದೆ, ಹತ್ತಿದ ಮೇಲೆ ರಾಕ್ಷಸರ ಕಾಟವಿಲ್ಲ, ಬೆಟ್ಟ ಕಡಲುಗಳ ಲೆಕ್ಕವಿಲ್ಲ, ಅದುವರೆಗೆ ಅಪಾರವೆನಿಸಿದ ಲೋಕ ಅಂಗೈಯಗಲಕ್ಕೆ ಇಳಿಯುತ್ತದೆ. ಕೆ.ಆರ್. ಪುರದಿಂದ ಬರುವವರಿಗೆ ಟಿನ್ ಫ್ಯಾಕ್ಟರಿಯ ಕೂಡುರಸ್ತೆ, ಆಟದಲ್ಲಿ ಹೆಜ್ಜೆಹೆಜ್ಜೆಗೂ ಆಯುಷ್ಯ ಹೀರುವ ವಿಷದ ಜೌಗಿನಂತೆ ದಾರಿಗೆ ಅಡ್ಡಬಿದ್ದಿತ್ತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೆಟ್ರೊ ಓಡಿ, 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರವೂ ಅದೇ ಹಳಿಗೆ ಕೂಡಿಕೊಂಡ ಮೇಲೆ ಇಂದಿರಾನಗರ, ಹಲಸೂರುಗಳು ಕಿಟಕಿಯ ಕೆಳಗೆ ನಿಶ್ಶಬ್ದವಾಗಿ ಸರಿದುಹೋಗುತ್ತವೆ. ಫೈನಲ್ ಫ್ಯಾಂಟಸಿಯಲ್ಲಿ ಹಡಗು ಹುಲ್ಲುಗಾವಲಿನಲ್ಲಷ್ಟೇ ಇಳಿಯುವಂತೆ ಮೆಟ್ರೊ ಎಂ.ಜಿ. ರಸ್ತೆಯಲ್ಲಷ್ಟೇ ಇಳಿಸುವುದರಿಂದ ಉಳಿದ ದಾರಿ ಕಾಲ್ನಡಿಗೆಗೆ ಮೀಸಲು. ವ್ಯತ್ಯಾಸವೊಂದೇ: ಆಟದಲ್ಲಿ ಹೂತ ಹಡಗನ್ನು ಮೇಲೆತ್ತುತ್ತಾರೆ, ಬೆಂಗಳೂರಿನಲ್ಲಿ ಒಂದನ್ನು ಮೇಲೆ ಓಡಿಸಿ, ಇನ್ನೊಂದನ್ನು ಹೂಳಲು ನೆಲ ಅಗೆದರು.

ಹಾರುವ ಹಡಗು ಸಿಕ್ಕಿದವರು ಆಟವನ್ನು ಬೇಗ ಮುಗಿಸಿದರೂ, ನೆನಪಿನಲ್ಲಿ ಉಳಿಸಿಕೊಳ್ಳುವುದು ಮಾತ್ರ ಕಾಲಿನಲ್ಲಿ ಅಲೆದ ಮೊದಲರ್ಧವನ್ನು. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಬ್ಲೌಸ್ ಪೀಸು ತರಿಸುವ ಸೌಲಭ್ಯ ಕೈಗೆ ಬಂದ ಮೇಲೂ ಶನಿವಾರದ ಸಂಜೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿಲ್ಲದಿರುವುದಕ್ಕೆ ಬಹುಶಃ ಇದೇ ಕಾರಣ. ನಾಗರಾಜನನ್ನು ಕೊಂದ ವೀರನು ಕೂಡಲೇ ಅರಮನೆಯಲ್ಲಿ ಪ್ರತ್ಯಕ್ಷನಾಗುವುದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕು. ಆಗ ರಾಕ್ಷಸರು ಎದುರಾಗುವುದಿಲ್ಲ, ಜೌಗು ಕಚ್ಚುವುದಿಲ್ಲ, ಊರವರ ವಾಕ್ಯಗಳೂ ಬದಲಾಗಿರುತ್ತವೆ. ರಾಮಾ ಗ್ರೀನ್ ಗೆದ್ದ ತಂಡವೂ ಹೀಗೆಯೇ ಪ್ರಶಾಂತವಾಗಿ ಮನೆ ತಲುಪಿ, ಸೀರೆಯ ಪಕ್ಕದಲ್ಲಿಟ್ಟು ನೋಡಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಗಿಳಿಹಸಿರಾಗಿರುವುದನ್ನು ಕಂಡುಕೊಳ್ಳುತ್ತದೆ.

1995ರ ‘ಕ್ರೋನೊ ಟ್ರಿಗರ್’ ಎಂಬ ಆಟ, ಕಥೆ ಮುಗಿದ ಮೇಲೆ ಗಳಿಸಿದ ಬಲವನ್ನೆಲ್ಲ ಉಳಿಸಿಕೊಂಡು ಮತ್ತೆ ಮೊದಲಿನಿಂದ ಹೊರಡುವ ಅವಕಾಶವನ್ನು ಕೊಟ್ಟಿತು. ಜಪಾನಿಯಲ್ಲಿ ಅದರ ಹೆಸರಿಗೆ ‘ಬಲಿಷ್ಠರಾಗಿ ಹೊಸ ಆಟ’ ಎಂಬ ಅರ್ಥ ಬರುತ್ತದೆ. ಮುಂದಿನ ಶನಿವಾರ ತಂಡ ಅದೇ ಕ್ರಮದಲ್ಲಿ, ಆದರೆ ಈ ಸಲ ಸೀರೆಯಂಚಿನ ತುಂಡಿನೊಂದಿಗೆ, ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತದೆ. ಅಂಗಡಿಯವರು ತುಂಡನ್ನೂ ತಾವೇ ಕೊಟ್ಟ ಬಟ್ಟೆಯನ್ನೂ ಬಿಸಿಲಿಗೆ ಹಿಡಿದು ನೋಡುತ್ತಾರೆ. ಅವರ ವಾಕ್ಯವೂ ಬದಲಾಗಿರುತ್ತದೆ: ‘ಇದು ರಾಮಾ ಗ್ರೀನ್ ಅಲ್ಲ ಅಂತ ನಾನು ಅವತ್ತೇ ಹೇಳಿದ್ನಲ್ಲ ಮೇಡಂ!’