ಪೀಂಕಾರ ಮೀಮಾಂಸೆ

ದೋಣಿಯ ಹಿಂಬದಿಗೆ ಬಿಗಿದ ಹಳೆಯ ಔಟ್‌ಬೋರ್ಡ್ ಎಂಜಿನ್ ನಡುನೀರಿನಲ್ಲಿ ‘ಪೀಂ’ ಎಂದರೆ ಅದಕ್ಕೆ ಅರ್ಥವೇನು? ಗೌತಮನ ನ್ಯಾಯಸೂತ್ರ ಈ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಆದರೂ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳಿಟ್ಟು ದೋಣಿಪಂಡಿತರಿಗೆ ಉಪಕಾರ ಮಾಡಿದೆ. ನಮ್ಮ ಚರ್ಚೆ ಅಮೆರಿಕದ ಜಾನ್ಸನ್, ಎವಿನ್‌ರೂಡ್ ವಂಶದ ಟೂ-ಸ್ಟ್ರೋಕ್‌ಗಳಿಗೆ ಸೀಮಿತ. ಪೆಟ್ರೋಲಿಗೆ ಎಣ್ಣೆಯನ್ನು ತಾನೇ ಬೆರೆಸುವ ವಿಆರ್‌ಒ ಪಂಪು 1984ರಲ್ಲಿ ಬಂದಮೇಲೆ ಇವುಗಳ ಮಾತು ಹೆಚ್ಚಾಯಿತು.

ಪೀಂಕಾರ ತ್ರಿವಿಧ. 40 ಸೆಕೆಂಡಿಗೊಮ್ಮೆ ಅರೆಕ್ಷಣ ಕೂಗಿದರೆ ಟ್ಯಾಂಕಿನಲ್ಲಿ ಎಣ್ಣೆ ಇಳಿದಿದೆ. ಸೆಕೆಂಡಿಗೊಮ್ಮೆ ಬಿಕ್ಕಿದರೆ ಎಣ್ಣೆ ಎಂಜಿನ್ನಿಗೆ ಹೋಗುತ್ತಲೇ ಇಲ್ಲ. ಬಿಡದೆ ಒಂದೇ ಉಸಿರಿಗೆ ಅರಚಿದರೆ ಹೆಡ್ ಕಾದಿದೆ: ಅಲ್ಲಿರುವ ಸ್ವಿಚ್ ತಿಳಿಗಂದು ವೈರನ್ನು ಅರ್ಥ್ ಮಾಡಿ ಹಾರ್ನ್ ಬಾಯಿ ತೆರೆಸಿದೆ.

ಇಲ್ಲಿ ಪೂರ್ವಪಕ್ಷ: ಶಬ್ದ ಪ್ರಮಾಣವಾಗಬೇಕಾದರೆ ನುಡಿದವನು ಆಪ್ತನಾಗಿರಬೇಕಷ್ಟೆ, ವರ್ಷಗಟ್ಟಲೆ ಉಪ್ಪುನೀರುಂಡ ವೈರಿಂಗು ಆಪ್ತವೇ? ಆಕ್ಷೇಪ ಸರಿಯಾದದ್ದೇ. ತಣ್ಣಗಿರುವ ಎಂಜಿನ್ನು ಕೀ ತಿರುಗಿಸಿದೊಡನೆ ಬಿಡದೆ ಕೂಗಿದರೆ ಸ್ವಿಚ್ಚಿನ ವೈರ್ ಕಳಚಿ. ಕೂಗು ನಿಂತಿತೋ, ಸ್ವಿಚ್ ಸುಳ್ಳುಗಾರ. ನಿಲ್ಲಲಿಲ್ಲವೋ, ವೈರ್ ಎಲ್ಲೋ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದೆ. ಎರಡು ಹೆಡ್ ಇದ್ದಲ್ಲಿ ಸಾಕ್ಷಿಗಳಿಬ್ಬರು, ಇಬ್ಬರನ್ನೂ ವಿಚಾರಿಸಬೇಕು. ಇಲ್ಲಿ ಮೌನವೂ ಸಮ್ಮತಿಲಕ್ಷಣವಲ್ಲ: ಕೀ ಆನ್ ಇದ್ದಾಗ ಕಳಚಿದ ವೈರಿನ ತುದಿಯನ್ನು ಬ್ಲಾಕಿಗೆ ಮುಟ್ಟಿಸಿದರೂ ಹಾರ್ನ್ ಸುಮ್ಮನಿದ್ದರೆ, ಪಾಪ, ಅದು ಎಂದೋ ತೀರಿಕೊಂಡಿರಬಹುದು.

ಪ್ರತ್ಯಕ್ಷವೆಂದರೆ ಕವರಿನ ಬುಡದ ತೂತಿನಿಂದ ಚಿಮ್ಮುವ ನೀರು. ಅದು ನಿಂತರೆ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ಸೆಟೆದಿರಬಹುದು. ಅಥವಾ ಕಣಜ ಆ ತೂತಿನಲ್ಲಿ ಮಣ್ಣಿನ ಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿರಬಹುದು. ಒಂದು ತಂತಿ ತೂರಿಸಿ ನೋಡದೆ ಗೇರ್‌ಕೇಸನ್ನೇ ಇಳಿಸುವ ಘನವಿದ್ವಾಂಸರಿದ್ದಾರೆ. ನೀರು ಚಿಮ್ಮುತ್ತಿದ್ದೂ ಹೆಡ್ ಕಾಯುವುದುಂಟು, ಆಗ ಅನುಮಾನ ಬೇಕು: ಥರ್ಮೋಸ್ಟ್ಯಾಟ್ ಉಪ್ಪುಗಟ್ಟಿ ಮುಚ್ಚಿಕೊಂಡಿರಬಹುದು. “ಪಕ್ಕದ ದೋಣಿಯದೂ ಹೀಗೇ ಕೂಗ್ತಿತ್ತು, ಏನೂ ಆಗ್ಲಿಲ್ಲ ಮಾರಾಯ್ರೇ” ಎಂಬುದು ಉಪಮಾನ. ಪಿಸ್ಟನ್‌ಗಳು ಕಚ್ಚಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ.

ಇನ್ನು ಮತಭೇದ. ವಿಆರ್‌ಒ ಪಂಪನ್ನು ನಂಬದೆ 50 ಲೀಟರ್ ಪೆಟ್ರೋಲಿಗೆ ಒಂದು ಲೀಟರ್ ಎಣ್ಣೆಯನ್ನು ಕೈಯಾರೆ ಬೆರೆಸುವವರು ಪ್ರಿಮಿಕ್ಸ್ ಮತಸ್ಥರು. ಮತಾಂತರದ ಸಂಭ್ರಮದಲ್ಲಿ ಹಳೆಯ ಎಣ್ಣೆ ಟ್ಯಾಂಕಿನ ಸೆನ್ಸರ್ ವೈರ್ ಬಿಚ್ಚುವುದು ಮರೆತುಹೋಗುತ್ತದೆ. ಖಾಲಿ ಟ್ಯಾಂಕು ಪೂರ್ವಾಶ್ರಮದ ನೆನಪಿನಲ್ಲಿ ಕೂಗುತ್ತಲೇ ಇರುತ್ತದೆ. ಚಾರ್ವಾಕರಾದರೋ ಹಾರ್ನಿನ ವೈರನ್ನೇ ಕತ್ತರಿಸುತ್ತಾರೆ: ಕೂಗು ಕೇಳಿಸುತ್ತಿಲ್ಲ, ಆದ್ದರಿಂದ ಕಾವೂ ಇಲ್ಲ!

ಸಿದ್ಧಾಂತ ಇಷ್ಟೇ. ಕೂಗಿದೊಡನೆ ಎಂಜಿನ್ ನಿಲ್ಲಿಸತಕ್ಕದ್ದು; ಆಪ್ತಾನಾಪ್ತ ವಿಚಾರ ಆಮೇಲೆ. ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರು ದೋಣಿಯಲ್ಲಿ ಎರಡು ಹುಟ್ಟು ಹಾಕಿಕೊಂಡೇ ಹೊರಡಬೇಕಾಗಿ ವಿನಂತಿ.